ಕೆಲಸ ಬಿಡಬೇಕಾದ್ದು ಹೆಂಡತಿ ಮಾತ್ರನಾ?

ಓದುಗರ ಪ್ರಶ್ನೆ: ನನಗೆ 31 ವರ್ಷ. ಪೇಂಟ್ ತಯಾರಿಸುವ ಕಾರ್ಖಾನೆಯ ಲ್ಯಾಬ್‌ನಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮಾಲಿನ ಸ್ಯಾಂಪಲ್ ತಂದು, ಥಿನ್ನರ್‌ನಲ್ಲಿ ಕರಗಿಸಿ, ಪರೀಕ್ಷೆ ಮಾಡುವುದು ನನ್ನ ಕೆಲಸ. ಈಗ ಮಗು ಮಾಡಿಕೊಳ್ಳಬೇಕು ಅಂದುಕೊಂಡಿದ್ದೇವೆ. ವಿಷಯ ಗೊತ್ತಾದ ಮೇಲೆ ಮ್ಯಾನೇಜರ್ ಕರೆದು, "ಹೆಂಗಸರಿಗೆ ಅಂಡಾಣು ಹುಟ್ಟುವಾಗಲೇ ಬಂದಿರುತ್ತೆ, ಕೆಟ್ಟರೆ ಮತ್ತೆ ಬರಲ್ಲ. ಗಂಡಸರಿಗೆ ದಿನಾ ಹೊಸದು ಹುಟ್ಟುತ್ತೆ, ಅವರಿಗೇನೂ ಆಗಲ್ಲ. ನೀವು ಕೆಲಸ ಬಿಡೋದೇ ಒಳ್ಳೇದು" ಎಂದರು. ಹೆದರಿಕೊಂಡು ಒಂದು ಕಡೆ ಇಬ್ಬರೂ 'ಡಿಎನ್‌ಎ ಹಾನಿ ಪರೀಕ್ಷೆ' ಮಾಡಿಸಿದೆವು. ಮೈಕ್ರೋನ್ಯೂಕ್ಲಿಯಸ್ ಸಂಖ್ಯೆ 1000 ಜೀವಕೋಶಕ್ಕೆ ನನ್ನದು 11, ಅವರದು 8 ಬಂತು. ಅಂದರೆ ಹಾನಿ ನನಗೇ ಜಾಸ್ತಿ ಅಲ್ವಾ? ಎಪಿಜೆನೆಟಿಕ್ ಹಾನಿ ಮೂರು ತಲೆಮಾರಿಗೆ ಹೋಗುತ್ತದೆ ಅಂತಲೂ ಓದಿದೆ. ಆವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ನನ್ನ ಗಂಡನಿಗೆ 36 ವರ್ಷ. ಅದೇ ಕಾರ್ಖಾನೆಯ ಮಿಕ್ಸಿಂಗ್ ವಿಭಾಗದಲ್ಲಿದ್ದಾರೆ, ದಿನಕ್ಕೆ ಐದಾರು ಸಿಗರೇಟು ಸೇದುತ್ತಾರೆ.

ಉತ್ತರ: ಇಷ್ಟು ಉದ್ದದ ಪತ್ರದಲ್ಲಿ ನಿಮ್ಮ ಗಂಡನ ಬಗ್ಗೆ ಇರುವುದು ಕೊನೆಯ ಎರಡೇ ವಾಕ್ಯ. ನನಗೆ ಬರುವ ಇಂಥ ಪತ್ರಗಳೆಲ್ಲ ಹೆಚ್ಚು ಕಡಿಮೆ ಹೀಗೇ ಇರುತ್ತವೆ. ಭಯವೆಲ್ಲ ಹೆಂಡತಿಯ ಪಾಲಿಗೆ, ಗಂಡನ ಹೆಸರು ಕೊನೆಯಲ್ಲಿ. ಆದರೆ ನೀವು ಬರೆದದ್ದರಲ್ಲಿ ನನಗೆ ಮೊದಲು ಕಾಳಜಿ ಹುಟ್ಟಿಸಿದ್ದು ಆ ಎರಡು ವಾಕ್ಯವೇ. ಮಿಕ್ಸಿಂಗ್ ವಿಭಾಗ ಅಂದರೆ ಬಣ್ಣದ ಪುಡಿ ಸುರಿಯುವ ಜಾಗ, ಥಿನ್ನರ್‌ನಂಥ ದ್ರಾವಕದ ಡ್ರಮ್ ತೆರೆಯುವ ಜಾಗ. ಲ್ಯಾಬ್‌ಗಿಂತ ಅಲ್ಲಿ ಧೂಳು, ಆವಿ ಎರಡೂ ಜಾಸ್ತಿ ಇರುವುದೇ ಹೆಚ್ಚು.

ನಿಮ್ಮ ಮ್ಯಾನೇಜರ್ ಹೇಳಿದ್ದರಲ್ಲಿ ಮೊದಲ ಅರ್ಧ ನಿಜ. ಹೆಣ್ಣು ಮಗು ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಿದ್ದಾಗ ಅದರ ಅಂಡಾಶಯದಲ್ಲಿ 60ರಿಂದ 70 ಲಕ್ಷ ಅಂಡಾಣುಗಳಿರುತ್ತವೆ. ಹುಟ್ಟುವ ಹೊತ್ತಿಗೆ 10-20 ಲಕ್ಷ. ಮೈನೆರೆಯುವಾಗ ಮೂರ್ನಾಲ್ಕು ಲಕ್ಷ. ಇಡೀ ಜೀವನದಲ್ಲಿ ಬಿಡುಗಡೆಯಾಗುವುದು ಬರೀ 400ರಷ್ಟು. ಹೊಸದು ಹುಟ್ಟುವುದಿಲ್ಲ. ನಿಮ್ಮ ಈ ತಿಂಗಳ ಅಂಡಾಣುವಿಗೆ ನಿಮಗಿಂತ ನಾಲ್ಕೈದು ತಿಂಗಳು ಜಾಸ್ತಿ ವಯಸ್ಸು. ಅಷ್ಟೂ ಕಾಲ ಅದು ಅರ್ಧ ವಿಭಜನೆಯಾಗಿ ನಿಂತುಬಿಟ್ಟಿರುತ್ತದೆ. ಡಿಎನ್‌ಎ ಹೊತ್ತ ವರ್ಣತಂತುಗಳು ಜೋಡಿ ಜೋಡಿಯಾಗಿ ಕೈ ಹಿಡಿದುಕೊಂಡು ಕಾಯುತ್ತಿರುತ್ತವೆ.

ಎರಡನೇ ಅರ್ಧ ತಪ್ಪು. 'ದಿನಾ ಹೊಸದು' ಅನ್ನುವುದು ಕೇಳಲು ಚೆನ್ನಾಗಿದೆ. ಆದರೆ ಹೊಸದು ಬರುವುದು ಎಲ್ಲಿಂದ? ಹಳೆಯದನ್ನು ನಕಲು ಮಾಡಿಯೇ ಅಲ್ವಾ? ವೃಷಣದಲ್ಲಿರುವ ಮೂಲಕೋಶಗಳು ಮೈನೆರೆದ ಮೇಲೆ ವರ್ಷಕ್ಕೆ ಸುಮಾರು 23 ಸಲ ಒಡೆದು ಎರಡಾಗುತ್ತವೆ. ಪ್ರತಿ ಸಲವೂ 300 ಕೋಟಿ ಅಕ್ಷರದ ಡಿಎನ್‌ಎ ಮೊದಲಿಂದ ಕೊನೆಯವರೆಗೆ ನಕಲಾಗಬೇಕು. ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಒಂದೇ ಒಂದು ಪುಸ್ತಕ ಅಂಡಾಣು ಅಂದುಕೊಳ್ಳಿ. ನಕಲಿನಿಂದ ನಕಲು, ಅದರಿಂದ ಇನ್ನೊಂದು ನಕಲು ಮಾಡುತ್ತಾ ಬಂದ ಪುಸ್ತಕ ವೀರ್ಯಾಣು. ಪೆಟ್ಟಿಗೆಯಲ್ಲಿಟ್ಟದ್ದರ ಹಾಳೆಗಳು ವರ್ಷ ಕಳೆದಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬಿಡಿಸುವಾಗ ಹರಿಯುತ್ತವೆ. ನಕಲು ಮಾಡಿದ್ದರಲ್ಲಿ ಕಾಗುಣಿತದ ತಪ್ಪು ಸೇರುತ್ತಾ ಹೋಗುತ್ತದೆ. ಎರಡೂ ಕೆಡುತ್ತವೆ, ಕೆಡುವ ರೀತಿ ಬೇರೆ.

ಇದು ಬರೀ ಹೋಲಿಕೆಯ ಮಾತಲ್ಲ, ಎಣಿಸಿ ನೋಡಿದ್ದಾರೆ. ಪ್ರತಿ ಮಗುವಿನಲ್ಲೂ ಅಪ್ಪ ಅಮ್ಮ ಇಬ್ಬರಲ್ಲೂ ಇಲ್ಲದ 60-70 ಹೊಸ ಅಕ್ಷರ ಬದಲಾವಣೆಗಳಿರುತ್ತವೆ. ಬಹುಪಾಲು ನಿರುಪದ್ರವಿ. ಅವುಗಳಲ್ಲಿ ಮುಕ್ಕಾಲು ಪಾಲಿನಷ್ಟು ಬರುವುದು ಅಪ್ಪನಿಂದ. ಐಸ್‌ಲ್ಯಾಂಡ್‌ನ ಕುಟುಂಬಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ ಅಪ್ಪನ ವಯಸ್ಸಿಗೆ ಒಂದು ವರ್ಷ ಸೇರಿದರೆ ಸುಮಾರು ಒಂದೂವರೆ ಬದಲಾವಣೆ ಜಾಸ್ತಿ. ಅಮ್ಮನ ವಯಸ್ಸಿಗೆ ಒಂದು ವರ್ಷ ಸೇರಿದರೆ ಅರ್ಧಕ್ಕೂ ಕಡಿಮೆ. ವರ್ಣತಂತುಗಳ ಎಣಿಕೆ ತಪ್ಪುವ ವಿಷಯದಲ್ಲಿ ಲೆಕ್ಕ ತಿರುಗಾ ಮುರುಗಾ. ಡೌನ್ ಸಿಂಡ್ರೋಮ್‌ಗೆ ಕಾರಣವಾಗುವ ಹೆಚ್ಚುವರಿ 21ನೇ ವರ್ಣತಂತು 10ರಲ್ಲಿ 9 ಸಲ ಅಂಡಾಣುವಿನ ಕಡೆಯಿಂದ ಬಂದಿರುತ್ತದೆ. ಅಪ್ಪನ ಕಡೆಯದು ಅಕ್ಷರದ ತಪ್ಪು, ಅಮ್ಮನ ಕಡೆಯದು ಪುಟದ ತಪ್ಪು. ಗಂಡು ಹೆಣ್ಣಿನ ವ್ಯತ್ಯಾಸ ಕೇಳಿದವರಿಗೆ ನಾನು ಮೊದಲು ಹೇಳುವುದು ಇದನ್ನೇ.

ವೀರ್ಯಾಣುವಿನ ಬಗ್ಗೆ ಇನ್ನೊಂದು ಮಾತು, ಇದು ನಿಮ್ಮ ಗಂಡನಿಗೆ ನೇರವಾಗಿ ಸಂಬಂಧಪಟ್ಟದ್ದು. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಆಮೇಲೆ ಬಲಿತು ಹೊರಬರಲು ಒಂದೆರಡು ವಾರ. ಒಟ್ಟು ಮೂರು ತಿಂಗಳು ಅಂತಿಟ್ಟುಕೊಳ್ಳಿ. ಕೊನೆಯ ಹಂತದಲ್ಲಿ ಅದು ಹಗುರಾಗಬೇಕು, ಈಜಬೇಕು. ಅದಕ್ಕಾಗಿ ತನ್ನ ಮೈಯ ಬಹುಭಾಗವನ್ನು ಕಳಚಿ ಹಾಕುತ್ತದೆ. ಡಿಎನ್‌ಎ ರಿಪೇರಿ ಮಾಡುವ ಸಲಕರಣೆಯೂ ಅದರ ಜೊತೆಗೇ ಹೋಗುತ್ತದೆ. ಆ ಕೊನೆಯ ವಾರಗಳಲ್ಲಿ ಬಿದ್ದ ಏಟನ್ನು ವೀರ್ಯಾಣು ತಾನೇ ಸರಿಮಾಡಿಕೊಳ್ಳಲಾರದು. ಹಾಗೇ ಹೊತ್ತುಕೊಂಡು ಹೋಗುತ್ತದೆ. ಅದನ್ನು ಸರಿಮಾಡುವುದು ಅಂಡಾಣು, ಇಬ್ಬರೂ ಸೇರಿದ ಮೇಲೆ. ನಿಮ್ಮ ಅಂಡಾಣುವಿಗೆ ತನ್ನ ಕೆಲಸದ ಜೊತೆ ಗಂಡನ ಕಡೆಯ ರಿಪೇರಿಯೂ ಸೇರಿದೆ. ಅದು 'ದುರ್ಬಲ' ಅನ್ನುವವರು ಇದನ್ನು ಗಮನಿಸಬೇಕು.

ಅಂಡಾಣುವಿನ ಕಾವಲೂ ಬಿಗಿಯಾಗಿದೆ. ಕಾದು ಕೂತಿರುವ ಅಂಡಾಣುವಿನ ಡಿಎನ್‌ಎ ತೀರಾ ತುಂಡಾದರೆ, ಅಲ್ಲಿರುವ ಒಂದು ಪ್ರೋಟೀನ್ ಅದನ್ನು ಗುರುತಿಸಿ ಸಾಯಿಸಿಬಿಡುತ್ತದೆ. ಹಾಗಾಗಿ ವಿಷದ ಏಟು ಬಿದ್ದಾಗ ಅಂಡಾಶಯದಲ್ಲಿ ಮುಖ್ಯವಾಗಿ ಆಗುವುದು ಸಂಗ್ರಹ ಕರಗುವುದು. ಸಿಗರೇಟು ಸೇದುವ ಹೆಂಗಸರಿಗೆ ಮುಟ್ಟು ಒಂದೆರಡು ವರ್ಷ ಬೇಗ ನಿಲ್ಲುತ್ತದೆ. ಅದರ ಹಿಂದಿರುವ ಒಂದು ಕಾರಣ ಇದೇ.

ಗಂಡಸರಿಗೇನೂ ಆಗಲ್ಲ ಅನ್ನುವ ನಂಬಿಕೆ ಒಂದು ಕಾರ್ಖಾನೆಯಲ್ಲಿ ಹೇಗೆ ಮುರಿದುಬಿತ್ತು ಅಂತ ಹೇಳುತ್ತೇನೆ. 1977, ಅಮೆರಿಕದ ಕ್ಯಾಲಿಫೋರ್ನಿಯಾ. ಮಣ್ಣಿನ ಹುಳ ಕೊಲ್ಲುವ ಡಿಬಿಸಿಪಿ ಎಂಬ ಕೀಟನಾಶಕ ತಯಾರಾಗುತ್ತಿದ್ದ ಜಾಗ. ಅಲ್ಲಿನ ಗಂಡಸರು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುವಾಗ, ಇತ್ತೀಚೆಗೆ ಯಾರ ಮನೆಯಲ್ಲೂ ಮಗು ಹುಟ್ಟಿಲ್ಲ ಅನ್ನುವುದು ಹೊಳೆಯಿತು. ವೀರ್ಯ ಪರೀಕ್ಷೆ ಮಾಡಿದರೆ ಹಲವರಲ್ಲಿ ವೀರ್ಯಾಣುವೇ ಇರಲಿಲ್ಲ. ಮೇಲ್ನೋಟಕ್ಕೆ ಎಲ್ಲರೂ ಗಟ್ಟಿಮುಟ್ಟು. ವೈದ್ಯರು ಕಂಡುಹಿಡಿದದ್ದಲ್ಲ ಇದು, ಕೆಲಸಗಾರರೇ ಕಂಡುಹಿಡಿದದ್ದು. ಕೆಲವರಿಗೆ ಕೆಲಸದಿಂದ ದೂರವಾದ ಮೇಲೆ ಸರಿಹೋಯಿತು. ಮೂಲಕೋಶಗಳೇ ಸತ್ತುಹೋಗಿದ್ದವರಿಗೆ ಸರಿಹೋಗಲೇ ಇಲ್ಲ.

ಪೇಂಟ್‌ಗೆ ಇನ್ನೂ ಹತ್ತಿರದ ಉದಾಹರಣೆ ಬೇಕಾ? ಗ್ಲೈಕಾಲ್ ಈಥರ್ ಎಂಬ ದ್ರಾವಕಗಳ ಗುಂಪಿದೆ. ಅದರಲ್ಲಿ 2-ಮೆಥಾಕ್ಸಿ ಎಥನಾಲ್, 2-ಎಥಾಕ್ಸಿ ಎಥನಾಲ್ ಎಂಬ ಎರಡು ವೃಷಣಕ್ಕೆ ನೇರವಾಗಿ ಹಾನಿ ಮಾಡುತ್ತವೆ. ಇವುಗಳಿದ್ದ ಬಣ್ಣ ಬಳಿಯುತ್ತಿದ್ದ ಹಡಗುಕಟ್ಟೆಯ ಪೇಂಟರ್‌ಗಳಲ್ಲಿ ವೀರ್ಯಾಣು ಸಂಖ್ಯೆ ಕಡಿಮೆ ಇರುವವರು ಹೆಚ್ಚಾಗಿದ್ದದ್ದು 1980ರ ದಶಕದಲ್ಲೇ ಗೊತ್ತಾಗಿತ್ತು. ಇವೇ ದ್ರಾವಕಗಳು ಗರ್ಭದಲ್ಲಿರುವ ಮಗುವಿಗೂ ಕೆಟ್ಟವು. ನಿಮ್ಮಿಬ್ಬರಿಗೂ ಬೇಡದ ವಸ್ತು ಇದು.

ಹಾಗಂತ ಅಂಡಾಣುವಿಗೆ ಅಪಾಯವಿಲ್ಲ ಅಂತಲ್ಲ. 1998ರಲ್ಲಿ ಅಮೆರಿಕದ ವಿಜ್ಞಾನಿ ಪೆಟ್ರೀಷಿಯಾ ಹಂಟ್ ಅವರ ಲ್ಯಾಬ್‌ನಲ್ಲಿ ನಡೆದದ್ದು ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಅವರು ಹೆಣ್ಣಿಲಿಗಳ ಅಂಡಾಣು ಅಧ್ಯಯನ ಮಾಡುತ್ತಿದ್ದರು. ವರ್ಣತಂತುಗಳು ಸಾಲಾಗಿ ನಿಲ್ಲದೆ ಚದುರಿಹೋಗುವ ದೋಷ ಅಲ್ಲಿಯವರೆಗೆ 100ಕ್ಕೆ ಒಂದೋ ಎರಡೋ ಅಂಡಾಣುವಿನಲ್ಲಿ ಕಾಣುತ್ತಿತ್ತು. ಒಮ್ಮೆಲೇ 40ಕ್ಕೆ ಏರಿತು. ಪ್ರಯೋಗದಲ್ಲಿ ಏನೂ ಬದಲಾಗಿರಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಇಲಿಗಳ ಪಂಜರ. ಪ್ಲಾಸ್ಟಿಕ್ ಪಂಜರಗಳನ್ನೂ ನೀರಿನ ಬಾಟಲಿಗಳನ್ನೂ ಯಾರೋ ನೆಲ ತೊಳೆಯುವ ಕ್ಷಾರದ ಸೋಪಿನಿಂದ ತೊಳೆದಿದ್ದರು. ಪ್ಲಾಸ್ಟಿಕ್ ಸವೆದು ಬಿಪಿಎ ಎಂಬ ರಾಸಾಯನಿಕ ಒಸರುತ್ತಿತ್ತು. 2003ರಲ್ಲಿ ಇದು ಪ್ರಕಟವಾಯಿತು. ಇಪ್ಪತ್ತು ವರ್ಷದ ಮೇಲೆ ಅದೇ ಲ್ಯಾಬ್‌ನಲ್ಲಿ ಬೇರೆ ಬಗೆಯ ಪ್ಲಾಸ್ಟಿಕ್ ಪಂಜರ ಸವೆದು, ಬಿಪಿಎಗೆ ಬದಲಿಯಾಗಿ ಬಂದಿದ್ದ ಬಿಪಿಎಸ್‌ನಿಂದ ಅಂಥದೇ ತೊಂದರೆ ಮತ್ತೆ ಕಂಡಿತು. ಇಲಿಯಲ್ಲಿ ಕಂಡದ್ದನ್ನೆಲ್ಲ ಮನುಷ್ಯರಿಗೆ ಹಾಗೇ ಹಚ್ಚಲಾಗದು, ನಿಜ. ಆದರೆ ಅಂಡಾಣು ಕೊನೆಯ ಬಾರಿ ಬೆಳೆಯುವ ದಿನಗಳು ಎಷ್ಟು ಸೂಕ್ಷ್ಮ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಈಗ ಎಪಿಜೆನೆಟಿಕ್ ವಿಷಯ. ಡಿಎನ್‌ಎ ಅಕ್ಷರ, ಎಪಿಜೆನೆಟಿಕ್ ಗುರುತುಗಳು ಅದರ ಮೇಲೆ ಪೆನ್ಸಿಲ್‌ನಲ್ಲಿ ಹಾಕಿದ ಗೆರೆ. 'ಇದನ್ನು ಓದು', 'ಇದನ್ನು ಬಿಡು' ಎಂದು ಜೀವಕೋಶಕ್ಕೆ ಹೇಳುವ ಗೆರೆಗಳು. ಅಕ್ಷರ ಬದಲಾಗುವುದಿಲ್ಲ, ಓದುವ ರೀತಿ ಬದಲಾಗುತ್ತದೆ. ಪೆನ್ಸಿಲ್ ಗೆರೆಯನ್ನು ಅಳಿಸಬಹುದು, ದೇಹ ಅಳಿಸುತ್ತದೆ ಕೂಡ. ಸಿಗರೇಟು ಸೇದುವವರ ರಕ್ತದಲ್ಲಿ ಎಎಚ್‌ಆರ್‌ಆರ್ ಎಂಬ ಜೀನಿನ ಮೇಲಿನ ಗುರುತು ಕಡಿಮೆಯಾಗಿರುತ್ತದೆ. ಬಿಟ್ಟವರಲ್ಲಿ ವರ್ಷಗಳು ಕಳೆದಂತೆ ಬಹಳಷ್ಟು ಮಟ್ಟಿಗೆ ಮರಳುತ್ತದೆ.

ಗಂಡು ಹೆಣ್ಣಿನ ವ್ಯತ್ಯಾಸ ಬರುವುದು ಈ ಗೆರೆಗಳನ್ನು ಬರೆಯುವ ಹೊತ್ತಿನಲ್ಲಿ. ಗರ್ಭದಲ್ಲಿರುವ ಶಿಶುವಿನ ಬೀಜಕೋಶಗಳಲ್ಲಿ, ಅಂದರೆ ಮುಂದೆ ಅಂಡಾಣು ಅಥವಾ ವೀರ್ಯಾಣು ಆಗುವ ಕೋಶಗಳಲ್ಲಿ, ಹಳೆಯ ಗುರುತುಗಳೆಲ್ಲ ಹೆಚ್ಚು ಕಡಿಮೆ ಅಳಿಸಿಹೋಗುತ್ತವೆ. ಆಮೇಲೆ ಹೊಸದಾಗಿ ಬರೆಯಬೇಕು. ಗಂಡು ಶಿಶುವಿನಲ್ಲಿ ಆ ಬರವಣಿಗೆ ಹುಟ್ಟುವ ಮೊದಲೇ, ತಾಯಿಯ ಹೊಟ್ಟೆಯಲ್ಲೇ ಶುರುವಾಗುತ್ತದೆ. ಹೆಣ್ಣಿನಲ್ಲಿ ಹಾಗಲ್ಲ. ಹುಟ್ಟಿ, ಬೆಳೆದು, ದೊಡ್ಡವಳಾದ ಮೇಲೆ ಒಂದೊಂದೇ ಅಂಡಾಣು ಬಲಿಯುವಾಗ, ಬಿಡುಗಡೆಗೆ ಮುಂಚಿನ ಕೆಲವು ತಿಂಗಳಲ್ಲಿ ಬರೆಯಲಾಗುತ್ತದೆ. ಅಂದರೆ ಒಂದೇ ರಾಸಾಯನಿಕ ಒಂದೇ ದಿನ ಇಬ್ಬರ ಮೈ ಸೇರಿದರೂ, ಗಂಡಿನಲ್ಲಿ ಅದು ತಲುಪುವ ಪುಟ ಬೇರೆ, ಹೆಣ್ಣಿನಲ್ಲಿ ತಲುಪುವ ಪುಟ ಬೇರೆ.

ಇಟಲಿಯ ಸೆವೆಸೊದಲ್ಲಿ 1976ರ ಜುಲೈ 10ರಂದು ಕಾರ್ಖಾನೆಯ ಅವಘಡದಿಂದ ಡಯಾಕ್ಸಿನ್ ಎಂಬ ವಿಷ ರಾಸಾಯನಿಕ ಊರ ಮೇಲೆ ಬಿತ್ತು. ಮುಂದಿನ ವರ್ಷಗಳಲ್ಲಿ ಅಲ್ಲಿ ಹುಟ್ಟಿದ ಮಕ್ಕಳನ್ನು ಎಣಿಸಿದರು. 19 ವರ್ಷ ತುಂಬುವ ಮೊದಲೇ ಡಯಾಕ್ಸಿನ್ ಸೋಕಿದ್ದ ಗಂಡಸರಿಗೆ, ಎಷ್ಟೋ ವರ್ಷದ ಮೇಲೆ ಹುಟ್ಟಿದ ಮಕ್ಕಳಲ್ಲಿ, ಗಂಡಿಗಿಂತ ಹೆಣ್ಣು ಸ್ಪಷ್ಟವಾಗಿ ಜಾಸ್ತಿ. ತಾಯಿಯ ರಕ್ತದಲ್ಲಿದ್ದ ಡಯಾಕ್ಸಿನ್‌ಗೂ ಇದಕ್ಕೂ ಸಂಬಂಧ ಕಾಣಲಿಲ್ಲ. ಮೈಗೆ ಸೋಕಿದ್ದು ಎಷ್ಟು ಅನ್ನುವಷ್ಟೇ, ಯಾವ ವಯಸ್ಸಿನಲ್ಲಿ ಸೋಕಿತು ಅನ್ನುವುದೂ ಮುಖ್ಯ.

ಇನ್ನೊಂದು ಪ್ರಯೋಗ ಕೆನಡಾದ ಹ್ಯಾಮಿಲ್ಟನ್‌ನ ಉಕ್ಕಿನ ಕಾರ್ಖಾನೆಗಳ ಪಕ್ಕದಲ್ಲಿ ನಡೆದದ್ದು. ಇಲಿಗಳ ಎರಡು ಗುಂಪನ್ನು ಅಲ್ಲಿ ಹತ್ತು ವಾರ ಇಟ್ಟರು. ಒಂದು ಗುಂಪಿಗೆ ಹೊರಗಿನ ಗಾಳಿ ಹಾಗೇ, ಇನ್ನೊಂದಕ್ಕೆ ಅದೇ ಗಾಳಿ ಧೂಳು ಸೋಸಿದ ಮೇಲೆ. ಸೋಸಿದ ಗಾಳಿ ಉಸಿರಾಡಿದ ಗಂಡಿಲಿಗಳ ಮರಿಗಳಲ್ಲಿ ಅಪ್ಪನಿಂದ ಬಂದ ಹೊಸ ಮ್ಯುಟೇಶನ್, ಅಂದರೆ ಡಿಎನ್‌ಎ ಬದಲಾವಣೆ, ಅರ್ಧಕ್ಕೆ ಇಳಿದಿತ್ತು. 2004ರಲ್ಲಿ ಪ್ರಕಟವಾದ ಈ ಕೆಲಸದ ಮುಂದುವರಿಕೆಯಲ್ಲಿ, ಕೊಳೆ ಗಾಳಿ ಕುಡಿದ ಇಲಿಗಳ ವೀರ್ಯಾಣುವಿನ ಎಪಿಜೆನೆಟಿಕ್ ಗುರುತುಗಳೂ ಬದಲಾಗಿದ್ದು ಕಂಡಿತು. ಒಂದು ಫಿಲ್ಟರ್ ಇಷ್ಟು ವ್ಯತ್ಯಾಸ ಮಾಡಿತು ಅನ್ನುವುದು ನನಗೆ ಇದರಲ್ಲಿ ಎಲ್ಲಕ್ಕಿಂತ ಹಿಡಿಸುವ ಸಂಗತಿ. ನಿಮ್ಮ ಗಂಡನ ವಿಭಾಗದಲ್ಲಿ ಆವಿ ಎಳೆಯುವ ವ್ಯವಸ್ಥೆ ಬೇಕು ಅಂತ ನಾನು ಮುಂದೆ ಹೇಳುವುದು ಇದಕ್ಕೇ.

ಮೂರು ತಲೆಮಾರಿನ ಭಯಕ್ಕೆ ಬರೋಣ. ಇದು ಎಲ್ಲಿಂದ ಬಂತು ಅಂದರೆ, 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಿಂದ. ಬಸುರಿ ಇಲಿಗಳಿಗೆ ವಿಂಕ್ಲೋಜೋಲಿನ್ ಎಂಬ ಶಿಲೀಂಧ್ರನಾಶಕ ಕೊಟ್ಟರು. ಅವುಗಳ ಗಂಡು ಸಂತಾನದಲ್ಲಿ ನಾಲ್ಕನೇ ತಲೆಮಾರಿನವರೆಗೆ ವೀರ್ಯಾಣು ಕಡಿಮೆಯಾಯಿತು. ದೊಡ್ಡ ಸುದ್ದಿಯಾಯಿತು. ಸುದ್ದಿಯಲ್ಲಿ ಬಿಟ್ಟುಹೋದದ್ದು ಎರಡು ವಿಷಯ. ಕೊಟ್ಟ ಪ್ರಮಾಣ ಮನುಷ್ಯರ ಮೈ ಸೇರುವುದಕ್ಕಿಂತ ಬಹಳ ಬಹಳ ಹೆಚ್ಚು. ಬೇರೆ ಕೆಲವು ಲ್ಯಾಬ್‌ಗಳು ಮಾಡಿ ನೋಡಿದಾಗ ಅದೇ ಫಲಿತಾಂಶ ಬರಲಿಲ್ಲ. ಇನ್ನೂ ಒಂದಿದೆ, ಅದು ಎಣಿಕೆಯ ಸೂಕ್ಷ್ಮ. ಬಸುರಿ ಹೆಂಗಸಿಗೆ ರಾಸಾಯನಿಕ ಸೋಕಿದರೆ ಅವಳಿಗೂ ಸೋಕಿತು, ಹೊಟ್ಟೆಯಲ್ಲಿರುವ ಮಗುವಿಗೂ ಸೋಕಿತು, ಆ ಮಗುವಿನೊಳಗಿರುವ ಬೀಜಕೋಶಕ್ಕೂ ಸೋಕಿತು. ಮೂರು ತಲೆಮಾರು ಒಂದೇ ಮೈಯೊಳಗೆ ಇದ್ದಂತಾಯಿತು. ಹಾಗಾಗಿ ಮೊಮ್ಮಗುವಿನಲ್ಲಿ ಏನಾದರೂ ಕಂಡರೂ ಅದು ನೇರವಾಗಿ ಸೋಕಿದ್ದರ ಪರಿಣಾಮ ಇರಬಹುದು. ಸೋಕದೇ ಹರಿದುಬಂದದ್ದು ಅನ್ನಬೇಕಾದರೆ ಮರಿಮಗುವಿನಲ್ಲಿ ಕಾಣಬೇಕು. ಗಂಡಸಿನ ಕಡೆಯಿಂದಾದರೆ ಮೊಮ್ಮಗುವಿನಲ್ಲಿ ಕಂಡರೂ ಸಾಕು.

ಮನುಷ್ಯರಲ್ಲಿ ಅಂಥದ್ದನ್ನು ತೋರಿಸಿಕೊಟ್ಟ ಗಟ್ಟಿ ಪುರಾವೆ ಇಲ್ಲ. ಧೈರ್ಯ ಕೊಡುವ ಪುರಾವೆ ಇದೆ. ಹಿರೋಶಿಮಾ, ನಾಗಸಾಕಿಯಲ್ಲಿ ಬದುಕುಳಿದವರಿಗೆ ಆಮೇಲೆ ಹುಟ್ಟಿದ ಸಾವಿರಾರು ಮಕ್ಕಳನ್ನು ದಶಕಗಳ ಕಾಲ ನೋಡುತ್ತಾ ಬಂದಿದ್ದಾರೆ. ಹುಟ್ಟುದೋಷವಾಗಲಿ ಆನುವಂಶಿಕ ರೋಗವಾಗಲಿ ಎಣಿಕೆಗೆ ಸಿಗುವಷ್ಟು ಹೆಚ್ಚಾಗಿಲ್ಲ. ಚೆರ್ನೋಬಿಲ್‌ನಲ್ಲಿ ವಿಕಿರಣ ತಗುಲಿದ ತಂದೆತಾಯಿಗಳ 130 ಮಕ್ಕಳ ಪೂರ್ತಿ ಡಿಎನ್‌ಎ ಓದಿ 2021ರಲ್ಲಿ ಪ್ರಕಟಿಸಿದರು. ಅಲ್ಲೂ ಹೊಸ ಮ್ಯುಟೇಶನ್ ಹೆಚ್ಚಿರಲಿಲ್ಲ. ವಿಕಿರಣ ಬೇರೆ, ರಾಸಾಯನಿಕ ಬೇರೆ, ಒಪ್ಪುತ್ತೇನೆ. ಆದರೂ ನಿಮ್ಮ ಆರು ವರ್ಷದ ಲ್ಯಾಬ್ ಕೆಲಸಕ್ಕೆ ಮೊಮ್ಮಕ್ಕಳ ಬಗ್ಗೆ ಯೋಚಿಸಿ ನಿದ್ದೆ ಕೆಡಿಸಿಕೊಳ್ಳಬೇಡಿ. ಯೋಚಿಸಬೇಕಾದ್ದು ಈ ಮಗುವಿನ ಒಂಬತ್ತು ತಿಂಗಳ ಬಗ್ಗೆ, ಅದಕ್ಕೆ ಮುಂಚಿನ ಮೂರು ತಿಂಗಳ ಬಗ್ಗೆ.

ನಿಮ್ಮ 11, ಅವರ 8. ಈ ಪರೀಕ್ಷೆಯ ಸ್ಲೈಡ್‌ಗಳನ್ನು ನಾನು ವರ್ಷಗಟ್ಟಲೆ ಎಣಿಸಿದ್ದೇನೆ. ಸೂಕ್ಷ್ಮದರ್ಶಕದ ಕೆಳಗೆ ಜೀವಕೋಶದೊಳಗೆ ದುಂಡಗಿನ ಎರಡು ಕೋಶಕೇಂದ್ರಗಳು ಅಕ್ಕಪಕ್ಕ ಕಾಣುತ್ತವೆ. ಕೆಲವು ಕೋಶಗಳಲ್ಲಿ ಅವುಗಳ ಪಕ್ಕ, ಸಾಸಿವೆ ಕಾಳಿನ ಹಾಗೆ, ಅದೇ ಬಣ್ಣದ ಇನ್ನೊಂದು ಚಿಕ್ಕ ಚುಕ್ಕೆ. ಕೋಶ ಒಡೆಯುವಾಗ ಹಿಂದುಳಿದ ವರ್ಣತಂತು ಅಥವಾ ಅದರ ತುಂಡು ಅದು. ಅದೇ ಮೈಕ್ರೋನ್ಯೂಕ್ಲಿಯಸ್. ಹೆಂಗಸರ ರಕ್ತದಲ್ಲಿ ಈ ಚುಕ್ಕೆಗಳು ಗಂಡಸರಿಗಿಂತ ಸಾಮಾನ್ಯವಾಗಿ ಜಾಸ್ತಿಯೇ. ಯಾವ ರಾಸಾಯನಿಕದ ಹತ್ತಿರವೂ ಹೋಗದವರಲ್ಲೂ ಹೀಗೇ. ವಯಸ್ಸಿಗೆ ತಕ್ಕಂತೆ 1.2ರಿಂದ 1.6 ಪಟ್ಟು. ಕಾರಣ ಎಕ್ಸ್ ವರ್ಣತಂತು. ನಿಮಗೆ ಎರಡು ಎಕ್ಸ್ ಇದೆ. ಒಂದನ್ನು ಪ್ರತಿ ಜೀವಕೋಶವೂ ಮುದುಡಿ ಮೂಲೆಯಲ್ಲಿಡುತ್ತದೆ. ಇದನ್ನು ಬ್ರಿಟನ್ನಿನ ವಿಜ್ಞಾನಿ ಮೇರಿ ಲಯನ್ 1961ರಲ್ಲೇ ಹೇಳಿದ್ದರು. ಕೋಶ ಒಡೆಯುವಾಗ ಈ ಮುದುಡಿದ ಎಕ್ಸ್ ಹಿಂದುಳಿಯುವುದು ಸಾಮಾನ್ಯ. ನಿಮ್ಮ 11ನ್ನು ಅವರ 8ರಿಂದ ಭಾಗಿಸಿದರೆ 1.4ಕ್ಕಿಂತ ಕಡಿಮೆ. ಗಂಡ ಹೆಂಡತಿಯ ನಡುವೆ ಇರಬೇಕಾದಷ್ಟೇ ವ್ಯತ್ಯಾಸ ಅದು. ಜೊತೆಗೆ, ಪರೀಕ್ಷೆ ಮಾಡಿದ್ದು ರಕ್ತದ ಬಿಳಿಕೋಶವನ್ನು. ಅಂಡಾಣುವಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ನೂರಾರು ಕೆಲಸಗಾರರ ಗುಂಪನ್ನು ಇನ್ನೊಂದು ಗುಂಪಿನ ಜೊತೆ ಹೋಲಿಸಲು ಇದು ಒಳ್ಳೆಯ ಪರೀಕ್ಷೆ. ಒಬ್ಬರ ಭವಿಷ್ಯ ಹೇಳಲು ಅಲ್ಲ. 'ಎಪಿಜೆನೆಟಿಕ್ ವಯಸ್ಸು' ಹೇಳುತ್ತೇವೆ ಅನ್ನುವ ಪರೀಕ್ಷೆಗಳೂ ಹಾಗೇ, ಅವುಗಳಿಗೆ ದುಡ್ಡು ಹಾಕಬೇಡಿ.

ಅವರ 8 ನೋಡಿ ಸಮಾಧಾನ ಪಡಬೇಕಾಗಿಯೂ ಇಲ್ಲ. ಗಂಡಸರಿಗೆ ಮಾತ್ರ ಆಗುವ ಒಂದು ನಷ್ಟವಿದೆ. ವಯಸ್ಸಾದಂತೆ ರಕ್ತದ ಕೆಲವು ಕೋಶಗಳು ವೈ ವರ್ಣತಂತುವನ್ನೇ ಕಳೆದುಕೊಳ್ಳುತ್ತವೆ. 70 ದಾಟಿದ ಗಂಡಸರಲ್ಲಿ ಹತ್ತಕ್ಕೆ ನಾಲ್ವರಲ್ಲಿ ಇದು ಕಾಣುತ್ತದೆ. ಸಿಗರೇಟು ಸೇದುವವರಲ್ಲಿ ಹೆಚ್ಚು, ಎಷ್ಟು ಸೇದಿದರೆ ಅಷ್ಟು ಹೆಚ್ಚು, ಬಿಟ್ಟರೆ ಇಳಿಯುತ್ತದೆ ಎಂದು 2015ರಲ್ಲಿ ಪ್ರಕಟವಾಗಿದೆ. ಇನ್ನೂ ಒಂದು ಕಾರಣಕ್ಕೆ ಗಂಡಸರು ಹುಷಾರಾಗಿರಬೇಕು. ಕ್ಯಾನ್ಸರ್ ತಡೆಯುವ ಕೆಲವು ಜೀನುಗಳು ಎಕ್ಸ್ ಮೇಲಿವೆ, ಮುದುಡಿದ ಎಕ್ಸ್‌ನಲ್ಲೂ ಅವು ಎಚ್ಚರವಾಗಿಯೇ ಇರುತ್ತವೆ. ಹೆಂಗಸರಿಗೆ ಎರಡು ಪ್ರತಿ, ಗಂಡಸರಿಗೆ ಒಂದೇ. ಮೂತ್ರಕೋಶದ ಕ್ಯಾನ್ಸರ್ ಗಂಡಸರಲ್ಲಿ ಮೂರು ನಾಲ್ಕು ಪಟ್ಟು ಜಾಸ್ತಿ ಇರುವುದಕ್ಕೆ ಸಿಗರೇಟು, ಕೆಲಸದ ಜಾಗ ಮುಖ್ಯ ಕಾರಣ ಹೌದು, ಇದೂ ಸೇರಿರಬಹುದು.

ಮೈ ರಾಸಾಯನಿಕವನ್ನು ಹೇಗೆ ನಿಭಾಯಿಸುತ್ತದೆ ಅನ್ನುವುದರಲ್ಲೂ ವ್ಯತ್ಯಾಸವಿದೆ. ಒಮ್ಮೆ ಹೆಂಗಸರಿಗೆ ಅನುಕೂಲ, ಒಮ್ಮೆ ಅನಾನುಕೂಲ. ಆರ್ಸೆನಿಕ್ ಅನ್ನು ಹೆಂಗಸರ ಮೈ ಬೇಗ ಬದಲಾಯಿಸಿ ಹೊರಹಾಕುತ್ತದೆ, ಈಸ್ಟ್ರೋಜನ್‌ನ ನೆರವಿದೆ. ಅದರ ಚರ್ಮದ ಗಾಯ ಗಂಡಸರಲ್ಲೇ ಹೆಚ್ಚು. ಕ್ಯಾಡ್ಮಿಯಂ ಇದಕ್ಕೆ ಉಲ್ಟಾ. ಮೈಯಲ್ಲಿ ಕಬ್ಬಿಣಾಂಶ ಕಡಿಮೆಯಾದರೆ, ಕಬ್ಬಿಣ ಹೀರಲು ಕರುಳಿನಲ್ಲಿರುವ ಬಾಗಿಲುಗಳು ಹೆಚ್ಚು ತೆರೆದುಕೊಳ್ಳುತ್ತವೆ. ಆ ಬಾಗಿಲಲ್ಲೇ ಕ್ಯಾಡ್ಮಿಯಂ ಕೂಡ ನುಗ್ಗುತ್ತದೆ, ಮೂತ್ರಪಿಂಡದಲ್ಲಿ 10ರಿಂದ 30 ವರ್ಷ ಕೂರುತ್ತದೆ. ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ಕಬ್ಬಿಣಾಂಶ ಕಡಿಮೆ ಇರುವುದು ಸಾಮಾನ್ಯ. ಜಪಾನಿನ ಜಿನ್ಜು ನದಿ ಬದಿಯಲ್ಲಿ ಕ್ಯಾಡ್ಮಿಯಂನಿಂದ ಮೂಳೆ ಮುರಿದು ನರಳಿದವರಲ್ಲಿ ಬಹುಪಾಲು ಹಲವು ಹೆರಿಗೆಯಾದ ನಡುವಯಸ್ಸು ದಾಟಿದ ಹೆಂಗಸರೇ ಆಗಿದ್ದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಪೇಂಟ್‌ನ ಕೆಲವು ಹಳದಿ, ಕೆಂಪು ಪುಡಿಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ. ಇನ್ನು ಕೆಲವು ಹಳದಿಗಳು ಸೀಸದ ಕ್ರೋಮೇಟ್. ನಿಮ್ಮ ಕಬ್ಬಿಣಾಂಶ ಪರೀಕ್ಷೆ ಮಾಡಿಸಿಕೊಳ್ಳಿ, ಮೈಯಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಸೇರಿಸಿ. ಆ 'ಡಿಎನ್‌ಎ ಹಾನಿ ಪರೀಕ್ಷೆ'ಗಿಂತ ಇದು ನಿಮಗೆ ನೂರು ಪಾಲು ಉಪಯೋಗ.

ಸೀಸ ಇಬ್ಬರಿಗೂ ಶತ್ರು. ವೀರ್ಯಾಣುವನ್ನು ಕೆಡಿಸುತ್ತದೆ. ಹೆಂಗಸರಲ್ಲಿ ಮೂಳೆ ಸೇರಿ ಕೂತಿದ್ದು, ಬಸುರಿಯಾದಾಗ ಮೂಳೆಯಿಂದ ಕ್ಯಾಲ್ಸಿಯಂ ಜೊತೆ ಹೊರಬಂದು ಮಗುವನ್ನು ಸೇರುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಒಂದು ತಿಂಗಳು ಸಾಕು, ಮೂಳೆಯಲ್ಲಿ ದಶಕಗಳೇ ಬೇಕು. ಅದಕ್ಕೇ ರಕ್ತದ ಸೀಸದ ಪರೀಕ್ಷೆಯನ್ನು ಈಗಲೇ ಮಾಡಿಸಿ, ಬಸುರಿಯಾದ ಮೇಲಲ್ಲ. ಇಬ್ಬರೂ ಮಾಡಿಸಿ. ಬಸುರಿಯಲ್ಲಿ ಪ್ರತಿ ಡೆಸಿಲೀಟರ್ ರಕ್ತಕ್ಕೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ವೈದ್ಯರು ಮೂಲ ಹುಡುಕಿ, ಮತ್ತೆ ಮತ್ತೆ ಪರೀಕ್ಷೆ ಮಾಡಿ ಗಮನಿಸುತ್ತಾರೆ.

ಹಾಗಾದರೆ ಕೆಲಸ ಬಿಡಬೇಕಾ? ಹೆಂಗಸನ್ನು ಆಚೆ ಕಳಿಸಿ ಸಮಸ್ಯೆ ಮುಗಿಸುವುದು ಹಳೆಯ ಅಭ್ಯಾಸ. 1982ರಲ್ಲಿ ಅಮೆರಿಕದ ಒಂದು ಬ್ಯಾಟರಿ ಕಂಪನಿ ಮಗು ಹೆರಬಲ್ಲ ಹೆಂಗಸರನ್ನೆಲ್ಲ ಸೀಸದ ಕೆಲಸಗಳಿಂದ ಹೊರಗಿಟ್ಟಿತು. ಗಂಡಸರು ಅದೇ ಸೀಸದಲ್ಲೇ ಉಳಿದರು. 1991ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. ಸೀಸ ಗಂಡಸರ ಸಂತಾನಶಕ್ತಿಗೂ ಕೆಡುಕು ಅನ್ನುವ ಪುರಾವೆ ಇದ್ದರೂ ಹೆಂಗಸರನ್ನು ಮಾತ್ರ ಬೇರೆ ಮಾಡಿದ್ದೀರಿ ಅನ್ನುವುದು ಆ ತೀರ್ಪಿನ ಒಂದು ಮುಖ್ಯ ಮಾತು. ನೀವು ಮನೆಯಲ್ಲಿ ಕೂತು, ನಿಮ್ಮ ಗಂಡ ಮಿಕ್ಸಿಂಗ್‌ನಲ್ಲೇ ಇದ್ದು, ಧೂಳು ಹತ್ತಿದ ಬಟ್ಟೆಯಲ್ಲೇ ಮನೆಗೆ ಬಂದರೆ ನಿಮಗೆ ಏನು ಉಳಿಯಿತು? ಸಂಬಳ ಹೋಯಿತು, ಧೂಳು ಮನೆಗೇ ಬಂತು.

ಮೊದಲು ಮಾಡಬೇಕಾದ್ದು ಕಾಗದದ ಕೆಲಸ. ನೀವಿಬ್ಬರೂ ಮುಟ್ಟುವ ಪ್ರತಿ ವಸ್ತುವಿನ ಎಸ್‌ಡಿಎಸ್, ಅಂದರೆ ಸುರಕ್ಷತಾ ಮಾಹಿತಿ ಹಾಳೆ ಕೇಳಿ. ನೀವು ಲ್ಯಾಬ್‌ನವರು, ನಿಮಗೆ ಸುಲಭವಾಗಿ ಸಿಗುತ್ತದೆ. ಎರಡನೇ ವಿಭಾಗದಲ್ಲಿ 'ಎಚ್' ಅಕ್ಷರದ ಮುಂದೆ ಮೂರು ಅಂಕಿಗಳಿರುತ್ತವೆ. ಎಚ್340 ಅಂದರೆ ಆನುವಂಶಿಕ ದೋಷ ಉಂಟುಮಾಡಬಹುದು. ಎಚ್341 ಅಂದರೆ ಹಾಗೆಂಬ ಸಂಶಯ. ಎಚ್360 ಅಂದರೆ ಸಂತಾನಶಕ್ತಿಗೆ ಅಥವಾ ಗರ್ಭದ ಮಗುವಿಗೆ ಹಾನಿ. ಅದರ ಮುಂದೆ 'ಎಫ್' ಇದ್ದರೆ ಸಂತಾನಶಕ್ತಿ, 'ಡಿ' ಇದ್ದರೆ ಮಗು. ಎಚ್362 ಅಂದರೆ ಎದೆಹಾಲು ಕುಡಿಯುವ ಮಗುವಿಗೆ ಹಾನಿ. ಗಮನಿಸಿ, ಎಚ್340 ಆಗಲಿ ಎಚ್360ಎಫ್ ಆಗಲಿ ಹೆಂಗಸರಿಗೆ ಮಾತ್ರ ಅಂತ ಎಲ್ಲೂ ಬರೆದಿರುವುದಿಲ್ಲ.

ಈ ಸಂಕೇತಗಳು ಇರುವ ವಸ್ತುಗಳಿಂದ ನಿಮ್ಮ ಗಂಡ, ನೀವು ಮಗುವಿಗೆ ಪ್ರಯತ್ನ ಶುರುಮಾಡುವ ಕನಿಷ್ಠ ಮೂರು ತಿಂಗಳು ಮೊದಲೇ ದೂರ ಇರಲಿ. ಬೇರೆ ವಿಭಾಗಕ್ಕೆ ಹಾಕಿಸಿಕೊಳ್ಳುವುದು ಉತ್ತಮ. ಆಗದಿದ್ದರೆ, ಡ್ರಮ್ ತೆರೆಯುವ ಜಾಗದಲ್ಲೇ ಆವಿ ಎಳೆಯುವ ವ್ಯವಸ್ಥೆ ಬೇಕು. ಬಟ್ಟೆಯ ಮಾಸ್ಕ್ ಆವಿಗೆ ಅಡ್ಡ ಬರುವುದಿಲ್ಲ, ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಸಿಗರೇಟು ಬಿಡಬೇಕು. ಇದನ್ನು ನಾನು ಸುಮ್ನೆ ಸೇರಿಸುತ್ತಿಲ್ಲ, ಅವರ ಪಟ್ಟಿಯಲ್ಲಿ ಇದು ಥಿನ್ನರ್‌ಗಿಂತ ಮೇಲಿದೆ. ಕೆಲಸದ ಬಟ್ಟೆ, ಶೂ ಕಾರ್ಖಾನೆಯಲ್ಲೇ ಉಳಿಯಲಿ, ಸ್ನಾನ ಮಾಡಿಯೇ ಮನೆಗೆ ಬರಲಿ. ಮೂರು ತಿಂಗಳು ದೂರವಿದ್ದ ಮಾತ್ರಕ್ಕೆ ಮೂಲಕೋಶದಲ್ಲಿ ಆಗಲೇ ಆದ ಬದಲಾವಣೆ ಹೋಗುವುದಿಲ್ಲ, ಅದನ್ನೂ ನೇರವಾಗಿ ಹೇಳಿಬಿಡುತ್ತೇನೆ. ಆದರೆ ರಿಪೇರಿ ಇಲ್ಲದೆ ಹೊರಟ ವೀರ್ಯಾಣುಗಳ ಒಂದು ಇಡೀ ತಂಡ ಬದಲಾಗುತ್ತದೆ.

ನಿಮಗೆ, ಫೋಲಿಕ್ ಆಮ್ಲ ದಿನಕ್ಕೆ 400 ಮೈಕ್ರೋಗ್ರಾಂ, ಬಸುರಿಯಾಗುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲಿಂದ. ತೆಳು ಲೇಟೆಕ್ಸ್ ಗ್ಲೌಸ್ ಹಾಕಿ ಥಿನ್ನರ್ ಮುಟ್ಟುತ್ತಿದ್ದರೆ ಇವತ್ತೇ ನಿಲ್ಲಿಸಿ. ಹಲವು ದ್ರಾವಕಗಳು ಅದನ್ನು ಬೇಗ ದಾಟುತ್ತವೆ, ಒಳಗೆ ಬೆವತ ಚರ್ಮದ ಮೇಲೆ ಇನ್ನೂ ಹೊತ್ತು ಕೂರುತ್ತವೆ. ಯಾವ ಗ್ಲೌಸ್ ಬೇಕು ಅಂತ ಎಸ್‌ಡಿಎಸ್‌ನ ಎಂಟನೇ ವಿಭಾಗದಲ್ಲಿರುತ್ತದೆ. ಸ್ಯಾಂಪಲ್ ಕರಗಿಸುವುದು ಫ್ಯೂಮ್ ಹುಡ್‌ನ, ಅಂದರೆ ಆವಿ ಎಳೆದು ಹೊರಹಾಕುವ ಗೂಡಿನ, ಒಳಗೇ ಆಗಬೇಕು. ಹುಡ್ ಇಲ್ಲ, ಅಥವಾ ಇದ್ದರೂ ಗಾಳಿ ಎಳೆಯುತ್ತಿಲ್ಲ ಅಂದರೆ, ಪ್ರಯತ್ನ ಶುರುಮಾಡಿದ ತಿಂಗಳಿಂದಲೇ ಆ ಕೆಲಸ ಬೇರೆಯವರಿಗೆ ಹೋಗಲಿ. ಬಸುರಿ ಅಂತ ಗೊತ್ತಾಗುವ ಹೊತ್ತಿಗೆ ಮಗುವಿನ ಬೆನ್ನುಹುರಿ, ಹೃದಯ ರೂಪುಗೊಳ್ಳಲು ಶುರುವಾಗಿರುತ್ತದೆ. ಗೊತ್ತಾದ ಮೇಲೆ ಬದಲಾಯಿಸೋಣ ಅಂತ ಕಾದರೆ ಆ ವಾರಗಳು ಕೈತಪ್ಪುತ್ತವೆ. ಬರವಣಿಗೆಯ ಕೆಲಸ, ಲೆಕ್ಕದ ಕೆಲಸ, ನೀರಿನಲ್ಲಿ ಕಲಸುವ ಬಣ್ಣಗಳ ಪರೀಕ್ಷೆ, ಇಂಥದಕ್ಕೆ ತಾತ್ಕಾಲಿಕವಾಗಿ ಹಾಕಿಕೊಡಿ ಎಂದು ಮ್ಯಾನೇಜರ್‌ಗೆ ಬರೆದು ಕೊಡಿ. ಅದೇ ಪತ್ರದಲ್ಲಿ ಗಂಡನ ವಿಭಾಗ ಬದಲಾವಣೆಯನ್ನೂ ಕೇಳಿ. ಇದೆಲ್ಲಕ್ಕೂ ಒಪ್ಪದ ಜಾಗ ಅದಾಗಿದ್ದರೆ, ಸೀಸದ ವರದಿಯೂ ಹೆಚ್ಚಿದ್ದರೆ, ಆಗ ಕೆಲಸ ಬಿಡುವುದು ಸರಿಯಾದ ನಿರ್ಧಾರವೇ. ಆದರೆ ಆಗ ಅಲ್ಲಿಂದ ಹೊರಬರಬೇಕಾದವರು ಇಬ್ಬರು.

ಈ ಪತ್ರ ತಲುಪುವ ಹೊತ್ತಿಗೆ ನೀವು ಆಗಲೇ ಬಸುರಿಯಾಗಿದ್ದರೆ ಗಾಬರಿ ಬೇಡ. ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಲೇ ಬಸುರಿಯಾದ ಎಷ್ಟೋ ಜನರನ್ನು ನಾನು ನೋಡಿದ್ದೇನೆ, ಬಹುತೇಕ ಎಲ್ಲರಿಗೂ ಆರೋಗ್ಯವಂತ ಮಕ್ಕಳೇ. ಥಿನ್ನರ್ ಕೆಲಸ ಅವತ್ತೇ ನಿಲ್ಲಿಸಿ, ಸೀಸದ ಪರೀಕ್ಷೆ ಆ ವಾರವೇ ಮಾಡಿಸಿ, ಸ್ತ್ರೀರೋಗ ವೈದ್ಯರಿಗೆ ಎಸ್‌ಡಿಎಸ್ ಹಾಳೆಗಳನ್ನು ತೋರಿಸಿ. ಇಲ್ಲವಾದರೆ, ಎಚ್340, ಎಚ್360 ಕಂಡ ವಸ್ತುಗಳ ಹೆಸರನ್ನೂ ಇಬ್ಬರ ಸೀಸದ ವರದಿಯನ್ನೂ ಬರೆದು ಕಳಿಸಿ. ಯಾರು ಯಾವ ಕೆಲಸದಿಂದ ಎಷ್ಟು ಕಾಲ ದೂರವಿರಬೇಕು ಅಂತ ಒಂದೊಂದಾಗಿ ನೋಡಿ ಹೇಳುತ್ತೇನೆ. ಈ ಸಲ ನಿಮ್ಮ ಗಂಡನ ಬಗ್ಗೆಯೂ ನಿಮ್ಮಷ್ಟೇ ಬರೆಯಿರಿ.